ಲಂಚದಿಂದ ರಫ್ತು ವ್ಯವಹಾರ ಕೆಟ್ಟರೆ: ಕಾನೂನಿನ ದಾರಿ ಹಿಡಿಯುವುದು ಹೇಗೆ?

ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಘಟಕ ಹೊರದೇಶದ ಟೆಂಡರಿನಲ್ಲಿ ಕಡಿಮೆ ದರ ಹಾಕಿಯೂ ಸೋಲುತ್ತದೆ. ಗೆದ್ದವರು ಅಲ್ಲಿನ ಅಧಿಕಾರಿಯ ಕೈ ಬಿಸಿ ಮಾಡಿರುತ್ತಾರೆ. ಮೈಸೂರಿನ ಊದುಬತ್ತಿ ತುಂಬಿದ ಕಂಟೇನರ್ ಮಾಮೂಲಿ ಸಲ್ಲಲಿಲ್ಲವೆಂದು ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. ಮಂಡ್ಯದ ಬೆಲ್ಲ ಕಳಿಸುವವರ ಸ್ವಂತ ಏಜೆಂಟನೇ ಆ ಕಡೆಯ ಖರೀದಿದಾರನಿಂದ ಗುಟ್ಟಾಗಿ ಕಮಿಷನ್ ತೆಗೆದುಕೊಂಡು ಬೆಲೆ ಇಳಿಸಿರುತ್ತಾನೆ. ಮೂರನ್ನೂ ನಾವು ಲಂಚ ಎಂದೇ ಕರೆಯುತ್ತೇವೆ, ಆದರೆ ಒಂದಕ್ಕೆ ಹೋಗುವ ಬಾಗಿಲು ಇನ್ನೊಂದಕ್ಕೆ ಆಗುವುದಿಲ್ಲ.

ಹಾಗಾಗಿ ವಕೀಲರ ಮೆಟ್ಟಿಲು ಹತ್ತುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕೊಟ್ಟವರು ಯಾರು, ತೆಗೆದುಕೊಂಡವರು ಯಾರು, ಎಲ್ಲಿ, ನಿಮಗೆ ಗೊತ್ತಾದ ದಿನ ಯಾವುದು. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಪ್ಪಂದ ಮುರಿದುದಕ್ಕೆ ಪರಿಹಾರ ಕೇಳಲು ನಮ್ಮಲ್ಲಿ ಮೂರು ವರ್ಷ ಕಾಲಾವಕಾಶ. ವಂಚನೆಯನ್ನು ಮುಚ್ಚಿಟ್ಟಿದ್ದರೆ, ಅದು ಗೊತ್ತಾದ ದಿನದಿಂದ ಅಥವಾ ಸಾಕಷ್ಟು ಎಚ್ಚರವಿದ್ದಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಲೆಕ್ಕ ಶುರು ಎನ್ನುತ್ತದೆ 1963ರ ಕಾಲಮಿತಿ ಕಾಯ್ದೆಯ 17ನೇ ಸೆಕ್ಷನ್.

ಮೊದಲು ನಿಮ್ಮ ಕಡತ

ನಿಮ್ಮ ಕ್ಲಿಯರಿಂಗ್ ಏಜೆಂಟರ ಹಳೆಯ ಬಿಲ್ಲುಗಳನ್ನು ತೆಗೆಯಿರಿ. ಲಾರಿ ಬಾಡಿಗೆ, ಬಂದರು ಶುಲ್ಕ, ದಾಖಲೆ ಶುಲ್ಕ, ಎಲ್ಲದರ ಹಿಂದೆಯೂ ರಸೀದಿ ಪಿನ್ ಮಾಡಿರುತ್ತದೆ. ಕೆಳಗೆ ‘ಇತರೆ ಖರ್ಚು’ ಎಂದು ಒಂದು ದುಂಡನೆಯ ಮೊತ್ತ, ಅದಕ್ಕೆ ಮಾತ್ರ ರಸೀದಿ ಇಲ್ಲ. ಅದೇನು ಎಂದು ನೀವು ಕೇಳಿರುವುದಿಲ್ಲ, ಅವರೂ ಹೇಳಿರುವುದಿಲ್ಲ. ನಾಳೆ ನೀವು ದಾವೆ ಹೂಡಿದಾಗ ಎದುರು ಪಕ್ಷದ ವಕೀಲರು ಮೊದಲು ಬೆರಳಿಡುವುದು ಆ ಸಾಲಿನ ಮೇಲೆಯೇ.

ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಸ್ಪಷ್ಟವಾಗಿ ಅಪರಾಧ. ಕಂಪನಿಯ ಪರವಾಗಿ ಏಜೆಂಟ್ ಕೊಟ್ಟರೂ 9ನೇ ಸೆಕ್ಷನ್ ಅಡಿ ಕಂಪನಿಗೆ ದಂಡ ಬೀಳಬಹುದು. ತಡೆಯಲು ತಕ್ಕ ವ್ಯವಸ್ಥೆ ಇತ್ತೆಂದು ತೋರಿಸಿದರಷ್ಟೇ ಪಾರು. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ, ಕೊಟ್ಟ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಎಂಟನೇ ದಿನಕ್ಕೆ ಆ ರಕ್ಷಣೆ ಸಿಗದು.

ಸ್ವಂತ ಕೈ ಕೊಳಕಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆನ್ಯಾ ವಿರುದ್ಧ ವರ್ಲ್ಡ್ ಡ್ಯೂಟಿ ಫ್ರೀ ಕಂಪನಿ ಹೂಡಿದ್ದ ಪ್ರಕರಣ ನೋಡಿ. ಗುತ್ತಿಗೆ ಪಡೆಯಲು ಆ ದೇಶದ ಅಧ್ಯಕ್ಷರಿಗೆ 20 ಲಕ್ಷ ಡಾಲರ್ ಕೊಟ್ಟದ್ದು ಬಯಲಾಯಿತು. ಲಂಚದಿಂದ ಹುಟ್ಟಿದ ಒಪ್ಪಂದದ ಮೇಲೆ ಹಕ್ಕು ಕೇಳುವಂತಿಲ್ಲ ಎಂದು 2006ರಲ್ಲಿ ಮಧ್ಯಸ್ಥಿಕೆ ಪೀಠ ಕಂಪನಿಯ ಬೇಡಿಕೆಯನ್ನು ತಳ್ಳಿಹಾಕಿತು.

ಸಾಕ್ಷ್ಯದ ಬಗ್ಗೆ ಒಂದು ಮಾತು. ವಾಟ್ಸ್ಆ್ಯಪ್ ಸಂದೇಶದ ಸ್ಕ್ರೀನ್‌ಶಾಟ್ ಒಂದೇ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಅದನ್ನು ಯಾವ ಫೋನಿನಿಂದ, ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರ ಬೇಕು. ಆ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ.

ಅಧಿಕಾರಿ ಕೇಳಿದರೆ

ಹಣ ಕೊಡುವ ಮೊದಲೇ ದೂರು ಕೊಡಿ. ಬಲೆ ಬೀಸುವುದಕ್ಕೆ ನೆರವಾಗಲೆಂದು ಆಮೇಲೆ ಕೊಟ್ಟ ಹಣಕ್ಕೆ ನೀವು ಅಪರಾಧಿಯಾಗುವುದಿಲ್ಲ. ರಾಜ್ಯ ಸರ್ಕಾರದ ನೌಕರರಾದರೆ ಲೋಕಾಯುಕ್ತ ಪೊಲೀಸರು, ಕಸ್ಟಮ್ಸ್‌ನಂಥ ಕೇಂದ್ರದ ನೌಕರರಾದರೆ ಸಿಬಿಐ.

ದೂರು ಕೊಟ್ಟ ಮಾತ್ರಕ್ಕೆ ಮಾಲು ಬಿಡುಗಡೆ ಆಗುವುದಿಲ್ಲ, ಅದಕ್ಕೆ ಬೇರೆ ಓಡಾಟ. ಯಾಕೆ ತಡೆದಿದ್ದೀರಿ ಎಂದು ಲಿಖಿತ ಆದೇಶ ಕೇಳಿ. ಬಾಯಿಮಾತಿನ ತಡೆಯ ಮೇಲೆ ಮೇಲ್ಮನವಿ ಹಾಕುವುದು ಹೇಗೆ? ಆದೇಶ ಕೈಗೆ ಬಂದರೆ 60 ದಿನದೊಳಗೆ ಮೇಲ್ಮನವಿ ಆಯುಕ್ತರ ಬಳಿ ಹೋಗಬಹುದು. ಮಾಲು ಜಪ್ತಿಯಾಗಿದ್ದರೆ ಕಸ್ಟಮ್ಸ್‌ನವರು ಆರು ತಿಂಗಳೊಳಗೆ ನಿಮಗೆ ನೋಟಿಸ್ ಕೊಡಬೇಕು, ಅವಧಿಯನ್ನು ಇನ್ನಾರು ತಿಂಗಳು ವಿಸ್ತರಿಸಲು ಅವಕಾಶವಿದೆ. ಅದೂ ಆಗದಿದ್ದರೆ ಮಾಲು ವಾಪಸ್ ಕೊಡಬೇಕು. ಆದೇಶವನ್ನೇ ಕೊಡದೆ ಸತಾಯಿಸಿದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಕಂಟೇನರ್ ಕೊಚ್ಚಿಯಲ್ಲೋ ಚೆನ್ನೈಯಲ್ಲೋ ನಿಂತಿದ್ದರೆ ಅಲ್ಲಿನ ಹೈಕೋರ್ಟಿಗೇ ಹೋಗುವುದು ವಾಸಿ.

ಸ್ವಂತ ಏಜೆಂಟ್ ಕೈಕೊಟ್ಟರೆ

ಮೂರರಲ್ಲಿ ಹಣ ವಾಪಸ್ ಬರುವ ಸಾಧ್ಯತೆ ಹೆಚ್ಚಿರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಯಜಮಾನನಿಗೆ ತಿಳಿಸದೆ ಏಜೆಂಟ್ ಸ್ವಂತ ಲಾಭಕ್ಕೆ ವ್ಯವಹಾರ ಮಾಡಿದರೆ ಆ ಲಾಭವನ್ನು ಯಜಮಾನ ಕೇಳಬಹುದು ಎಂದು 1872ರ ಕರಾರು ಕಾಯ್ದೆಯ 216ನೇ ಸೆಕ್ಷನ್ ಹೇಳುತ್ತದೆ. ನಷ್ಟ ಪರಿಹಾರಕ್ಕೆ 73ನೇ ಸೆಕ್ಷನ್. ಮೊತ್ತ ಮೂರು ಲಕ್ಷ ಮುಟ್ಟಿದ್ದರೆ ವಾಣಿಜ್ಯ ನ್ಯಾಯಾಲಯ. ತುರ್ತು ತಡೆಯಾಜ್ಞೆ ಬೇಡದಿದ್ದರೆ ಮೊದಲು ರಾಜಿ ಮಾತುಕತೆಗೆ ಮಧ್ಯಸ್ಥಗಾರರ ಮುಂದೆ ಕೂರುವುದು ಕಡ್ಡಾಯ. ಖಾಸಗಿಯವರ ನಡುವಿನ ಇಂಥ ಲಂಚಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ, ನಂಬಿಕೆದ್ರೋಹ, ವಂಚನೆ ಎಂದೇ ಪೊಲೀಸ್ ದೂರು ಕೊಡಬೇಕು.

ಪ್ರತಿಸ್ಪರ್ಧಿ ಲಂಚ ಕೊಟ್ಟು ಗೆದ್ದರೆ

ಇದೇ ಕಷ್ಟದ ದಾರಿ. ವಿದೇಶಿ ಅಧಿಕಾರಿಗೆ ಕೊಟ್ಟ ಲಂಚವನ್ನು ಅಪರಾಧವಾಗಿಸುವ ಮಸೂದೆ 2011ರಲ್ಲಿ ಸಂಸತ್ತಿಗೆ ಬಂದು ಬಿದ್ದುಹೋಯಿತು. ಭಾರತ ಅದೇ ವರ್ಷ ಅನುಮೋದಿಸಿದ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 35ನೇ ವಿಧಿಯಲ್ಲಿ, ನಷ್ಟಗೊಂಡವರಿಗೆ ಪರಿಹಾರದ ದಾವೆ ಹೂಡುವ ಹಕ್ಕಿರಬೇಕು ಎಂದೇನೋ ಇದೆ. ಅದಕ್ಕೆಂದೇ ಕಾನೂನನ್ನು ನಾವು ಮಾಡಿಕೊಂಡಿಲ್ಲ. ಆದ್ದರಿಂದ ಎದುರಾಳಿಯ ಬೇರು ಯಾವ ದೇಶದಲ್ಲಿದೆ ನೋಡಿ.

ಅಮೆರಿಕದ 1977ರ ವಿದೇಶಿ ಲಂಚ ಕಾಯ್ದೆಯಡಿ ಖಾಸಗಿಯವರು ನೇರ ದಾವೆ ಹೂಡಲು ಬರುವುದಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 1981ರಲ್ಲಿ ನೈಜೀರಿಯಾದ ಕಡೂನಾ ವಾಯುನೆಲೆಯ ಗುತ್ತಿಗೆಗಾಗಿ ಅಮೆರಿಕದ ಕರ್ಕ್‌ಪ್ಯಾಟ್ರಿಕ್ ಕಂಪನಿ ಒಬ್ಬ ಮಧ್ಯವರ್ತಿಯನ್ನು ಹಿಡಿಯಿತು. ಗುತ್ತಿಗೆ ಮೊತ್ತದ ಶೇ 20ರಷ್ಟು ‘ಕಮಿಷನ್’ ಪನಾಮಾದ ಎರಡು ಸಂಸ್ಥೆಗಳ ಮೂಲಕ ಅಧಿಕಾರಿಗಳಿಗೆ ಹೋಗಬೇಕೆಂಬ ಏರ್ಪಾಡು. ಸೋತ ಎನ್ವಿರಾನ್‌ಮೆಂಟಲ್ ಟೆಕ್ಟಾನಿಕ್ಸ್ ಕಂಪನಿಗೆ ಇದರ ಸುಳಿವು ಸಿಕ್ಕಿ, ನೈಜೀರಿಯಾ ವಾಯುಪಡೆಗೂ ಲಾಗೋಸ್‌ನ ಅಮೆರಿಕ ರಾಯಭಾರ ಕಚೇರಿಗೂ ತಿಳಿಸಿತು. ಎಫ್‌ಬಿಐ ತನಿಖೆಯಾಯಿತು, ಎದುರಾಳಿ ತಪ್ಪೊಪ್ಪಿಕೊಂಡಿತು. ಆಮೇಲೆ ಬೇರೆ ಕಾನೂನುಗಳಡಿ ಪರಿಹಾರದ ದಾವೆ. ಇನ್ನೊಂದು ದೇಶದ ಸರ್ಕಾರದ ಕೆಲಸವನ್ನು ಇಲ್ಲಿ ವಿಚಾರಿಸಬಾರದು ಎಂಬ ಎದುರಾಳಿಯ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ಒಮ್ಮತದಿಂದ ತಳ್ಳಿಹಾಕಿತು. ಅವರು ಹಿಡಿದ ಕ್ರಮ ಗಮನಿಸಿ: ಮೊದಲು ದೂರು, ಸರ್ಕಾರದ ಖರ್ಚಿನಲ್ಲಿ ತನಿಖೆ, ನಂತರ ದಾವೆ.

ಆದರೂ ಲಂಚ ಇರದಿದ್ದರೆ ಕೆಲಸ ನಿಮಗೇ ಬರುತ್ತಿತ್ತು ಎಂದು ತೋರಿಸುವ ಹೊರೆ ನಿಮ್ಮದೇ. ಟೆಂಡರಿನಲ್ಲಿ ಎರಡನೇ ಸ್ಥಾನದಲ್ಲಿದ್ದ ದಾಖಲೆ ಇದ್ದರೆ ಮುಂದುವರಿಯಿರಿ. ಐದನೆಯವರಾಗಿದ್ದರೆ ವಕೀಲರ ಫೀಸು ಉಳಿಸಿ.

ಯೋಜನೆಗೆ ವಿಶ್ವಬ್ಯಾಂಕ್ ಸಾಲವಿದ್ದರೆ ಅದರ ತನಿಖಾ ವಿಭಾಗಕ್ಕೆ ದೂರು ಕೊಡಬಹುದು. ನಿಮಗೆ ಒಂದು ಪೈಸೆಯೂ ಬರುವುದಿಲ್ಲ, ಆದರೆ ತಪ್ಪಿತಸ್ಥ ಕಂಪನಿ ಕಪ್ಪುಪಟ್ಟಿ ಸೇರುತ್ತದೆ. ನಿಷೇಧ ಒಂದು ವರ್ಷಕ್ಕಿಂತ ಹೆಚ್ಚಿನದಾದರೆ, 2010ರ ಒಪ್ಪಂದದಂತೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸೇರಿ ಇತರ ಬ್ಯಾಂಕುಗಳೂ ಅದನ್ನು ಪಾಲಿಸುತ್ತವೆ. ಮುಂದಿನ ಟೆಂಡರಿನಲ್ಲಿ ಆ ಎದುರಾಳಿ ಇರುವುದಿಲ್ಲ.

ಹೊರಗೆ ಗೆದ್ದ ಡಿಕ್ರಿಯನ್ನು ಇಲ್ಲಿ ಜಾರಿ ಮಾಡಿಸಬೇಕಾದರೆ ಅದು ಯಾವ ದೇಶದ್ದು ಎಂಬುದು ಮುಖ್ಯ. ಬ್ರಿಟನ್, ಸಿಂಗಪುರ, ಯುಎಇ ಕೋರ್ಟುಗಳದ್ದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಅಡಿ ನೇರವಾಗಿ ಜಾರಿ ಮಾಡಿಸಬಹುದು. ಅಮೆರಿಕದ್ದಾದರೆ ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆಯನ್ನೇ ಹೂಡಬೇಕು.