ಹಳೇಬೀಡಿನಲ್ಲಿ ಮೊದಲು ಮ್ಯೂಸಿಯಂ, ಆಮೇಲೆ ದೇವಸ್ಥಾನ: ನನ್ನ ಅನುಭವ

ಶಾಲಾ ಮಕ್ಕಳ ಬಸ್ಸು ಬಂದರೆ ಮೊದಲು ಹಳೆಯ ವಿಗ್ರಹಗಳಿರುವ ಮ್ಯೂಸಿಯಂಗೆ ಕರೆದೊಯ್ಯುತ್ತೇನೆ, ಹೊಯ್ಸಳೇಶ್ವರ ದೇವಸ್ಥಾನ ಆಮೇಲೆ ಎಂದಾಗ ಜೊತೆಯ ಗೈಡುಗಳೂ ಒಪ್ಪಲಿಲ್ಲ, ಮೇಷ್ಟ್ರುಗಳೂ ಒಪ್ಪಲಿಲ್ಲ. "ಮಕ್ಕಳು ಬಂದಿರೋದು ದೇವಸ್ಥಾನ ನೋಡೋಕೆ, ಒಡೆದ ಕಲ್ಲು ನೋಡೋಕಲ್ಲ ಮಾರಾಯ್ರೆ" ಅಂದವರಲ್ಲಿ ಕೆಲವರು ಈಗ ದಸರಾ ರಜೆ ಮುಗಿಯುತ್ತಿದ್ದಂತೆ ಫೋನ್ ಮಾಡಿ ಡಿಸೆಂಬರಿನ ತಾರೀಖು ಹಿಡಿದುಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಪದ್ಧತಿ ನಿಮಗೆಲ್ಲ ಗೊತ್ತು. ಅರವತ್ತು ಮಕ್ಕಳು, ಒಬ್ಬ ಗೈಡು, ಮುಂದಿನ ಸಾಲಿನ ಎಂಟು ಜನಕ್ಕೆ ಮಾತ್ರ ಕೇಳುವ ಮಾತು. ಸುಮಾರು ನಾಲ್ಕು ಸಾವಿರ ಕೊಟ್ಟು ಸೊಂಟಕ್ಕೆ ಕಟ್ಟುವ ಮೈಕ್ ತಂದೆ. ಮಕ್ಕಳು ಶಿಲ್ಪ ಬಿಟ್ಟು ಮೈಕನ್ನೇ ನೋಡಿದರು, ಪಕ್ಕದ ಗುಂಪಿನವರು ಜಗಳಕ್ಕೆ ಬಂದರು. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಬಿಟ್ಟ ಸ್ಥಳ ತುಂಬುವ ಹಾಳೆ ಮಾಡಿಸಿದೆ, ಕಲರ್ ಪ್ರಿಂಟು, ಒಂದಕ್ಕೆ ಏಳೆಂಟು ರೂಪಾಯಿ. ಚುರುಕಾದ ಹುಡುಗಿ ಒಬ್ಬಳು ತುಂಬಿದಳು, ಉಳಿದವರು ಅವಳ ಬೆನ್ನ ಮೇಲೇ ಹಾಳೆ ಇಟ್ಟು ನಕಲು ಹೊಡೆದರು. ಆ ಸೀಸನ್ನಿನ ಉಳಿತಾಯವೆಲ್ಲ ಪ್ರಿಂಟಿಂಗ್ ಅಂಗಡಿಗೇ ಹೋಯಿತು.

ಈಗ ಮಾಡುವುದು ಇಷ್ಟೇ. ಹತ್ತು ಹನ್ನೆರಡು ಮಕ್ಕಳ ಗುಂಪು, ಒಂದು ಗುಂಪಿಗೆ ಒಂದೇ ವಿಗ್ರಹ, ಇಪ್ಪತ್ತು ನಿಮಿಷ, ಚಿತ್ರ ಬಿಡಿಸಲು ಬಿಳಿ ಹಾಳೆ, ಪೆನ್ಸಿಲ್. ಏನು ಮುರಿದಿದೆ, ಕೈಯಲ್ಲಿ ಏನಿದೆ, ಹಿಂಬದಿ ಹೇಗಿದೆ? ಇಷ್ಟು ಕೇಳಿ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ದೇವರ ಹೆಸರನ್ನು ಮಕ್ಕಳು ಕೇಳುವ ತನಕ ಹೇಳುವುದಿಲ್ಲ. ಗುಂಪು ಕಟ್ಟುವ ಮೊದಲ ಐದು ನಿಮಿಷದಲ್ಲಿ ಒಂದು ಆಟ ಆಡಿಸುತ್ತೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಹಿಂಬದಿಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ವಿಗ್ರಹವನ್ನು ಸುತ್ತಿ ಬಂದು, "ಅಣ್ಣಾ, ಮುಂದೆ ಸರದ ಒಂದೊಂದು ಮಣೀನೂ ಕೊರೆದವ್ರೆ, ಹಿಂದೆ ಬರೀ ಉಳಿ ಏಟು, ಯಾಕೆ?" ಎಂದಳು. ಉತ್ತರ ನಾನು ಕೊಡಲಿಲ್ಲ. ಅರ್ಧ ಗಂಟೆಯ ನಂತರ ದೇವಸ್ಥಾನದ ಗೋಡೆಯ ಮುಂದೆ ನಿಂತು, "ಗೋಡೆಗೆ ಒರಗಿಸಿ ಇಡೋಕೆ!" ಎಂದು ಅವಳೇ ಕೂಗಿದಳು. ಅಲ್ಲಿಂದ ಇಡೀ ಗುಂಪು ಖಾಲಿ ಜಾಗ ಹುಡುಕುತ್ತಾ ಹೊರಟಿತು, ಯಾವ ವಿಗ್ರಹ ಎಲ್ಲಿ ಕೂರಬಹುದು ಎಂದು. ದೇವಸ್ಥಾನ ಮೊದಲು ತೋರಿಸಿದ್ದ ಯಾವ ಬ್ಯಾಚಿನಲ್ಲೂ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ದೇವಸ್ಥಾನದ ಗೋಡೆಯ ಬುಡದ ಕೆತ್ತನೆಯ ಸಾಲುಗಳನ್ನೂ ಈಗ ನಾನು ಒಪ್ಪಿಸುವುದಿಲ್ಲ. ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ: ಮಕ್ಕಳೇ ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಈ ಓದಿಗೆ ತಯಾರಿ ದಾರಿಯಲ್ಲೇ ಆಗಿರುತ್ತದೆ. ರಸ್ತೆ ಬದಿಯ ಊರೊಂದರ ವೀರಗಲ್ಲಿನ ಹತ್ತಿರ ಹತ್ತು ನಿಮಿಷ ಬಸ್ಸು ನಿಲ್ಲಿಸುತ್ತೇನೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅಷ್ಟು ಓದಿದ ಮಕ್ಕಳಿಗೆ ಹೊಯ್ಸಳೇಶ್ವರದ ಆವರಣದ ಗರುಡ ಕಂಬವನ್ನು ವಿವರಿಸಬೇಕಿಲ್ಲ. ರಾಜನಿಗಾಗಿ ಪ್ರಾಣ ಕೊಡಲು ಪಣತೊಟ್ಟ ಅಂಗರಕ್ಷಕರಿಗೆ ಗರುಡರು ಎನ್ನುತ್ತಿದ್ದರು; ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ದಂಡನಾಯಕ ಕುವರ ಲಕ್ಷ್ಮನ ಕಂಬ ಅದು. ಕತ್ತಿಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವವರನ್ನು ಅದರ ಮೇಲೆ ಮೊದಲು ಕಂಡುಹಿಡಿಯುವುದು ಯಾವಾಗಲೂ ಹಿಂದಿನ ಬೆಂಚಿನವರೇ.

ಒಂದು ಪ್ರಯೋಗ ಅಗ್ಗದ್ದು. ಶಿಲ್ಪ ಮಾಡುವವರ ಹತ್ತಿರ ಬಳಪದ ಕಲ್ಲಿನ ಚೂರು ಕೇಳಿ ತಂದು, ಊಟದ ಹೊತ್ತಿನಲ್ಲಿ ಮೊಳೆಯಿಂದ ಗೀರಲು ಕೊಡುತ್ತೇನೆ. ಪುಡಿ ಬೆರಳಿಗೆ ಸಾಬೂನಿನ ಹಾಗೆ ನುಣ್ಣಗೆ ಹತ್ತುತ್ತದೆ. ದೇವಸ್ಥಾನದ ಕೆತ್ತನೆಯೂ ಇಂಥ ಕಲ್ಲಿನಲ್ಲೇ. ಇಷ್ಟು ಸಣ್ಣ ಕುಸುರಿ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇದೇ ಕ್ರಮವನ್ನು ಚಿಕ್ಕಮಗಳೂರಿನ ಕಾಫಿ ಮಂಡಳಿಯ ಮ್ಯೂಸಿಯಂನಲ್ಲೂ ಮಾಡಿ ನೋಡಿದೆ. ಬೆಂಗಳೂರಿನ ಮಕ್ಕಳಿಗೆ ಹಿಡಿಸಿತು. ಮಲೆನಾಡಿನ ಮಕ್ಕಳು ಅರೇಬಿಕಾ, ರೋಬಸ್ಟಾ ಎಲ್ಲ ಮನೆಯಂಗಳದಲ್ಲೇ ಕಂಡವರು. ಅವರನ್ನೇ ಗೈಡ್ ಮಾಡಿ ನಿಲ್ಲಿಸಿದ ಮೇಲೆ ಅಲ್ಲೂ ಜೀವ ಬಂತು.

ದುಡ್ಡಿನ ವಿಷಯ. ಮಗುವಿಗೆ ಇಪ್ಪತ್ತರಿಂದ ಶುರು ಮಾಡಿ ಈಗ ನಲವತ್ತು ತೆಗೆದುಕೊಳ್ಳುತ್ತೇನೆ, ಸರ್ಕಾರಿ ಶಾಲೆಗೆ ಇಪ್ಪತ್ತೇ. ಗುಂಪು ನೋಡಿಕೊಳ್ಳಲು ಡಿಗ್ರಿ ಓದುವ ಇಬ್ಬರು ಹುಡುಗಿಯರಿಗೆ ಅರ್ಧ ದಿನಕ್ಕೆ ತಲಾ ನಾನೂರು. ಒಂದು ಬಸ್ಸಿಗೆ ನನ್ನ ಕೈಗೆ ಸಾವಿರದ ಐನೂರರ ಆಸುಪಾಸು ಉಳಿಯುತ್ತದೆ. ನಿಜವಾದ ತಕರಾರು ಬಸ್ಸಿನವರದು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬೇಕು ಅವರಿಗೆ. ನಾನು ಒಂದನ್ನು ಬಿಡಿ ಎನ್ನುತ್ತೇನೆ. ಇದೇ ಕಾರಣಕ್ಕೆ ಟ್ರಾವೆಲ್ಸ್ ಒಂದರವರು ನನ್ನನ್ನು ಕೈಬಿಟ್ಟರು, ಹಳೆಯ ಬಾಕಿ ಇನ್ನೂ ಕೊಟ್ಟಿಲ್ಲ. ಈಗ ನೇರ ಶಾಲೆಯ ಜೊತೆಗೇ ಮಾತು, ಮುಂಗಡ ಬಂದ ಮೇಲೇ ತಾರೀಖು.

ಮಾಡಿ ನೋಡುವವರು ಒಂದು ನೆನಪಿಡಿ, ಹಳೇಬೀಡಿನ ಮ್ಯೂಸಿಯಂಗೆ ಶುಕ್ರವಾರ ರಜೆ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಹತ್ತನೇ ಕ್ಲಾಸಿನ ಬ್ಯಾಚು ಬಂದರೆ ದೊಡ್ಡವರ ಲೆಕ್ಕ ಬೇರೆ ಹಿಡಿಯಿರಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿದ್ದರೆ ಪ್ರವಾಸಿಗರ ಗದ್ದಲ ಶುರುವಾಗುವ ಮೊದಲೇ ಎರಡು ಗುಂಪಿನ ಚಿತ್ರ ಮುಗಿದಿರುತ್ತದೆ.