ಫ್ರೀಜ್ ಮಾಡಿಟ್ಟ ಅಮೀಬಾವನ್ನು ಎಬ್ಬಿಸಿದ್ದು

ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿದ್ದ ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಒಂದು ಸ್ಟ್ರೇನನ್ನು (ತಳಿಯನ್ನು) ಮತ್ತೆ ಬೆಳೆಸಬೇಕಿತ್ತು. ಬ್ಯಾಕ್ಟೀರಿಯಾ ಬೆಳೆಸಿ ಅಭ್ಯಾಸ ಇದ್ದ ನನಗೆ ಇದೇನು ಮಹಾ ಅನ್ನಿಸಿತ್ತು. ಮೊದಲ ವಯಲ್ (ಅದನ್ನಿಟ್ಟಿದ್ದ ಪುಟ್ಟ ಸೀಸೆ) ಹಾಳಾಯಿತು.

ತಪ್ಪು ನನ್ನದೇ. 37 ಡಿಗ್ರಿ ವಾಟರ್ ಬಾತ್‌ನಲ್ಲಿ ಎರಡು ಮೂರು ನಿಮಿಷದಲ್ಲಿ ಕರಗಿಸಿದೆ, ಅಲ್ಲಿವರೆಗೆ ಸರಿ. ಆಮೇಲೆ ವಯಲನ್ನು ಮೇಜಿನ ಮೇಲಿಟ್ಟು ಮೀಡಿಯಂ (ಬೆಳೆಸುವ ದ್ರವ) ಹುಡುಕಲು ಹೋದೆ. ಬರುವಷ್ಟರಲ್ಲಿ ಅರ್ಧ ಗಂಟೆ. ಹೆಪ್ಪುಗಟ್ಟುವಾಗ ಜೀವಕೋಶವನ್ನು ಕಾಯುವ ಡಿಎಂಎಸ್‌ಒ ಎಂಬ ರಾಸಾಯನಿಕ, ಕರಗಿದ ಮೇಲೆ ಅದಕ್ಕೇ ವಿಷ. ಸಾಲದ್ದಕ್ಕೆ ಗಾಬರಿಯಲ್ಲಿ ಹತ್ತು ಎಂಎಲ್ ಮೀಡಿಯಂ ಒಂದೇ ಸಲ ಸುರಿದುಬಿಟ್ಟೆ. ಒಳಗೆ ನೀರು ನುಗ್ಗಿ ಕೋಶಗಳು ಒಡೆದಿರಬೇಕು.

ಎರಡನೇ ಸಲ ಎಲ್ಲವನ್ನೂ ಎದುರಿಗಿಟ್ಟುಕೊಂಡು ಕೂತೆ. ಮೀಡಿಯಂ ಹನಿ ಹನಿಯಾಗಿ ಸೇರಿಸಿದೆ. ನಂತರ ಪ್ಲೇಟಿನಲ್ಲಿ ಪೋಷಕಾಂಶ ಇಲ್ಲದ ಅಗರ್ (ಜೆಲ್ಲಿಯಂಥ ಪದಾರ್ಥ) ಮೇಲೆ, ಬಿಸಿ ಮಾಡಿ ಸಾಯಿಸಿದ ಇ. ಕೋಲಿ ಬ್ಯಾಕ್ಟೀರಿಯಾ ಹರಡಿ, ಅದರ ನಡುವೆ ಬಿಟ್ಟೆ. ಅಮೀಬಾಗೆ ಊಟ ಬ್ಯಾಕ್ಟೀರಿಯಾ, ಅಗರ್ ಅಲ್ಲ. ಅಗರ್‌ನಲ್ಲಿ ಪೋಷಕಾಂಶ ಇದ್ದರೆ ಎಲ್ಲಿಂದಲೋ ಬಂದ ಬ್ಯಾಕ್ಟೀರಿಯಾ, ಬೂಷ್ಟು ಮೊದಲು ತಿಂದು ಕೊಬ್ಬುತ್ತವೆ.

ಮೂರು ದಿನ ಮೈಕ್ರೋಸ್ಕೋಪ್‌ನಲ್ಲಿ ಕಂಡಿದ್ದು ಸಿಸ್ಟ್‌ಗಳು ಮಾತ್ರ, ಅಂದರೆ ಕಷ್ಟಕಾಲದಲ್ಲಿ ಗಟ್ಟಿ ಗೋಡೆ ಕಟ್ಟಿಕೊಂಡು ಮಲಗಿದ ಅಮೀಬಾಗಳು. ಸುಕ್ಕುಗಟ್ಟಿದ ಎರಡು ಪದರದ ಗೋಡೆ, ಒಂಚೂರೂ ಅಲುಗಾಟ ಇಲ್ಲ. ಪ್ಲೇಟ್ ಎಸೆಯೋಣ ಅಂತಲೇ ಇದ್ದೆ. ಐದನೇ ದಿನ ಅಂಚಿನಲ್ಲೊಂದು ಪಾರದರ್ಶಕ ಕಲೆ. ಅದರೊಳಗೆ ಗುಳ್ಳೆಯೊಂದು ಮೆಲ್ಲಗೆ ಉಬ್ಬಿ, ಪಟ್ ಅಂತ ಮಾಯವಾಯಿತು. ಮತ್ತೆ ಉಬ್ಬಿತು. ಅದು ನೀರು ಹೊರಹಾಕುವ ಸಂಕೋಚನ ರಸದಾನಿ. ಸತ್ತ ಕೋಶವೂ ನೀರಿನಲ್ಲಿ ತೇಲಿ ಜರುಗುತ್ತದೆ, ಆದರೆ ಈ ಮಿಡಿತ ಸತ್ತದ್ದಕ್ಕೆ ಬರುವುದಿಲ್ಲ. ಇವತ್ತಿಗೂ ನಾನು ಜೀವ ಇದೆಯಾ ಅಂತ ನೋಡುವುದು ಇದನ್ನೇ.

ಆಮೇಲಿನ ಕೆಲಸ ಸುಲಭ. ತಿನ್ನುತ್ತಾ ಮುಂದೆ ಹೋಗುವ ಅಂಚಿನಿಂದ ಅಗರ್‌ನ ಸಣ್ಣ ತುಂಡು ಕತ್ತರಿಸಿ, ಹೊಸ ಪ್ಲೇಟಿನ ಮೇಲೆ ಬೋರಲು ಹಾಕಬೇಕು. ಅಮೀಬಾಗಳು ತಾವಾಗಿಯೇ ನಡೆದುಕೊಂಡು ಊಟದ ಕಡೆ ಹೋಗುತ್ತವೆ. ಹೀಗೆ ಕೆಲವು ಸಲ ಮಾಡಿ, ಬ್ಯಾಕ್ಟೀರಿಯಾ ಬೆಳೆಯದಂತೆ ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್ ಸೇರಿಸಿದ ಪೆಪ್ಟೋನ್, ಯೀಸ್ಟ್ ಎಕ್ಸ್‌ಟ್ರಾಕ್ಟ್, ಗ್ಲೂಕೋಸ್ ಮೀಡಿಯಂಗೆ ದಾಟಿಸಿದೆ. ಫ್ಲಾಸ್ಕ್‌ನ ತಳಕ್ಕೆ ಅಂಟಿಕೊಂಡು ಬೆಳೆದವು. ಬಿಡಿಸಲು ಟ್ರಿಪ್ಸಿನ್ ಎಂಬ ಕಿಣ್ವ ಬೇಕಿಲ್ಲ, ಐಸ್ ಮೇಲೆ ಸ್ವಲ್ಪ ಹೊತ್ತು ಇಟ್ಟು ತಟ್ಟಿದರೆ ಸಾಕು. ಕೆಲವು ಸ್ಟ್ರೇನ್‌ಗಳು ಈ ಮೀಡಿಯಂಗೆ ಒಗ್ಗುವುದೇ ಇಲ್ಲ. ಅವನ್ನು ಸುಮ್ನೆ ಪ್ಲೇಟಿನಲ್ಲೇ ಬಿಡುವುದು ಒಳ್ಳೆಯದು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ಕೆಲಸಕ್ಕೆ ಕನ್ನಡಕ ಹಾಕಿಕೊಳ್ಳಿ. ಕಣ್ಣಿನ ಕಾರ್ನಿಯಾಗೆ ಸೋಂಕು ತರುವ ಜೀವಿ ಇದು. ಮೇಜಿಗೆ ಸ್ಪಿರಿಟ್ ಒರೆಸಿದರೆ ಸಿಸ್ಟ್ ಸಾಯುತ್ತದೆ ಅಂತ ನಂಬಬೇಡಿ, ಪ್ಲೇಟು ಫ್ಲಾಸ್ಕುಗಳನ್ನು ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಬೇಯಿಸಿಯೇ) ಎಸೆಯಿರಿ.

ತಿಂಗಳುಗಟ್ಟಲೆ ಮೀಡಿಯಂನಲ್ಲೇ ಸಾಕಿದರೆ ಅಮೀಬಾ ಸಿಸ್ಟ್ ಆಗುವ ಗುಣ ಕಳೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಚೆನ್ನಾಗಿ ಬೆಳೆದ ಮೊದಲ ವಾರವೇ ಹೊಸ ವಯಲ್‌ಗಳನ್ನು ಫ್ರೀಜ್ ಮಾಡಿದೆ, ಈ ಸಲ ಬಲಿತ ಸಿಸ್ಟ್‌ಗಳನ್ನೇ. ಒಂದು ಪ್ಲೇಟಿಗೆ ಪ್ಯಾರಾಫಿಲ್ಮ್ (ಮೇಣದಂಥ ತೆಳು ಹಾಳೆ) ಸುತ್ತಿ ಫ್ರಿಜ್‌ನಲ್ಲೂ ಇಟ್ಟಿದ್ದೇನೆ.