ಬೆಳಗಾವಿಯ ಅಪಾರ್ಟ್‌ಮೆಂಟಿನಲ್ಲಿ ಮೊದಲ ವರ್ಷ: ಹೊಸಬರಿಗೆ ಮಾರ್ಗದರ್ಶಿ

ನಮ್ಮ ಸಂಘಕ್ಕೆ ಬರುವ ಹೊಸ ಕುಟುಂಬಗಳು ಹೆಚ್ಚಾಗಿ ಮೇ ತಿಂಗಳಲ್ಲಿ ಮನೆ ಹುಡುಕುತ್ತವೆ. ಶಾಲೆ ಶುರುವಾಗುವ ಮುಂಚೆ ಸೇರಿಕೊಳ್ಳಬೇಕು, ಅಲ್ವಾ? ಆಗ ಬೆಳಗಾವಿಯ ಎಲ್ಲ ಮನೆಗಳೂ ಚೆಂದವೇ. ಗೋಡೆ ಒಣಗಿರುತ್ತದೆ, ಹೊಸ ಬಣ್ಣ ಹೊಡೆದಿರುತ್ತಾರೆ. ಮನೆಯ ನಿಜ ಸ್ಥಿತಿ ಗೊತ್ತಾಗುವುದು ಜುಲೈನಲ್ಲಿ, ಪುನರ್ವಸು ಮಳೆ ಹಿಡಿದ ಮೇಲೆ.

ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ ಇಲ್ಲಿನ ಮಳೆಗಾಲ ತೀರಾ ಹೊಸದು. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟದ ಮಗ್ಗುಲಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೂ ಮಳೆಯೂ ಪಶ್ಚಿಮ, ನೈಋತ್ಯದಿಂದ ಹೊಡೆಯುತ್ತವೆ. ಎಷ್ಟೋ ದಿನ ಬಿಸಿಲಿನ ಮುಖವೇ ಕಾಣುವುದಿಲ್ಲ. ಹಾಗಾಗಿ ಮನೆ ನೋಡಲು ಹೋದಾಗ ಮೊದಲು ಪಶ್ಚಿಮದ ಗೋಡೆ ಯಾವುದು ಅಂತ ಕೇಳಿ. ಆ ಕಡೆ ಕಿಟಕಿಗೆ ಸಜ್ಜಾ ಇದೆಯಾ, ಇರಚಲು ಒಳಗೆ ಬರುತ್ತದಾ, ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿದೆಯಾ ನೋಡಿ. ಕೈಯಿಂದ ಮುಟ್ಟಿಯೇ ನೋಡಿ. ಇಲ್ಲಿ ಪ್ಲಂಬರ್, ಗೌಂಡಿ ಕೆಲಸದವರಲ್ಲಿ ಮರಾಠಿ ಮಾತಾಡುವವರು ಜಾಸ್ತಿ. ಅವರು ‘ಓಲ’ ಅಂದರೆ ತೇವ, ‘ಗಳತಿ’ ಅಂದರೆ ಸೋರಿಕೆ.

ನಮ್ಮ ಮೊದಲ ಮಳೆಗಾಲದಲ್ಲಿ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಬಟ್ಟೆಯ ತಿಜೋರಿಯನ್ನು ಪಶ್ಚಿಮದ ಗೋಡೆಗೇ ಒತ್ತಿ ಇಟ್ಟಿದ್ದೆ. ಪಂಚಮಿಯ ದಿನ ಉಡಲು ಇಳಕಲ್ ಸೀರೆ ತೆಗೆದರೆ ಕೆಂಪು ಸೆರಗಿನ ತುಂಬ ಬಿಳಿ ಬೂಷ್ಟು. ಮಡಿಕೆ ಬಿಚ್ಚಿದಂತೆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅಮ್ಮ ಕೊಟ್ಟ ಸೀರೆ ಅದು, ಅಳುವೇ ಬಂತು. ಎದುರು ಮನೆಯ ಕಾಕು ಬಂದು ತಿಜೋರಿಯ ಹಿಂದೆ ಕೈ ಹಾಕಿ ನೋಡಿದರು. “ಗ್ವಾಡಿಗೆ ಹಚ್ಚಿ ಇಟ್ಟೀಯಲ್ಲವಾ, ಒಂದು ಗೇಣು ಈ ಕಡೆ ಸರಸು, ಗಾಳಿ ಆಡಲಿ” ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಮಂಚ, ತಿಜೋರಿ, ಪುಸ್ತಕದ ಕಪಾಟು ಎಲ್ಲವೂ ಗೋಡೆಯಿಂದ ಒಂದು ಗೇಣು ದೂರ.

ಹಸಿ ಬಟ್ಟೆಯನ್ನು ಬಾಗಿಲು ಮುಚ್ಚಿದ ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಬಟ್ಟೆಯಿಂದ ಹೋದ ನೀರು ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಸ್ಟ್ಯಾಂಡ್ ಇಟ್ಟು, ಒಂದು ಕಿಟಕಿ ಸ್ವಲ್ಪ ತೆರೆದಿಡಿ. ಮಳೆ ಬಿಡುವು ಕೊಟ್ಟಾಗಲೆಲ್ಲ ಎದುರುಬದುರು ಕಿಟಕಿ ತೆರೆಯಿರಿ. ಮಕ್ಕಳ ಶೂ ಒಳಗೆ ರಾತ್ರಿ ಹಳೇ ಪೇಪರ್ ಮುದ್ದೆ ತುರುಕಿದರೆ ಬೆಳಿಗ್ಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ.

ಅಡುಗೆಮನೆಯಲ್ಲಿ ಉಪ್ಪು ನೀರಾಡುತ್ತದೆ, ಕಟಕ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಊರಿಂದ ರೊಟ್ಟಿ ಕಟ್ಟಿಸಿಕೊಂಡು ಬಂದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಮೆತ್ತಗಾದದ್ದನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಗರಿಗರಿ. ಜೋಳದ ಹಿಟ್ಟನ್ನು ಮಾತ್ರ ಒಂದೇ ಸಲ ಜಾಸ್ತಿ ಬೀಸಿಸಬೇಡಿ, ಕಹಿಯಾಗುತ್ತದೆ.

ಗೋಡೆಯಲ್ಲಿ ಕಲೆ ಕಂಡರೆ ಸುಮ್ನೆ ಬಣ್ಣ ಹೊಡೆಸಬೇಡಿ. ಮಳೆ ಬಂದಾಗ ಹರಡಿ, ಬಿಸಿಲಿಗೆ ಒಣಗಿದರೆ ಅದು ಹೊರಗಿನ ನೀರು. ಬೇಸಿಗೆಯಲ್ಲೂ ಹಸಿಯಾಗಿಯೇ ಇದ್ದರೆ ಮೇಲಿನ ಮನೆಯ ಬಚ್ಚಲನ್ನೋ ಪೈಪನ್ನೋ ನೋಡಿಸಬೇಕು. ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ದಿನಾಂಕ ಬರೆದು ಫೋಟೊ ತೆಗೆಯಿರಿ. ಮಾಲೀಕರ ಜೊತೆ ಮಾತಾಡುವಾಗ ಆ ಫೋಟೊ ಬಹಳ ಉಪಯೋಗಕ್ಕೆ ಬರುತ್ತದೆ.

ಶಹಾಪುರ, ವಡಗಾವಿ ಕಡೆ ಮನೆ ನೋಡುವವರು ಬಳ್ಳಾರಿ ನಾಲಾ ಎಷ್ಟು ದೂರ ಅಂತ ಕೇಳಿ. ಜೋರು ಮಳೆಯಲ್ಲಿ ಅದು ತುಂಬಿ ಹೊಲಗಳಿಗೆ ನುಗ್ಗುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್ ಇದ್ದರೆ 2019ರ ಆಗಸ್ಟ್‌ನಲ್ಲಿ ಎಲ್ಲಿಯವರೆಗೆ ನೀರು ನಿಂತಿತ್ತು ಅಂತ ವಾಚ್‌ಮನ್ ಅವರನ್ನು ಕೇಳಿ. ಹಳಬರಾದರೆ ನಿಖರವಾಗಿ ತೋರಿಸುತ್ತಾರೆ. ಕರೆಂಟ್ ಹೋದರೆ ಹೆಸ್ಕಾಂ ಸಹಾಯವಾಣಿ 1912. ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ವಾರಕ್ಕೊಮ್ಮೆ ಚೆಲ್ಲಿ. ಡೆಂಗಿ ಸೊಳ್ಳೆ ನಿಂತ ತಿಳಿನೀರಿನಲ್ಲೇ ಬೆಳೆಯುತ್ತದೆ, ಕಚ್ಚುವುದು ಹಗಲು ಹೊತ್ತು.

ಚಳಿಗಾಲ ಇಲ್ಲಿ ಹಿತವಾಗಿರುತ್ತದೆ. ಆದರೆ ಒಂದು ಮಾತನ್ನು ಕೈ ಮುಗಿದು ಹೇಳುತ್ತೇವೆ. ಚಳಿ ಅಂತ ಬಚ್ಚಲಿನ ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಹಚ್ಚಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿದ್ದು ಗೊತ್ತಾಗುವಷ್ಟರಲ್ಲಿ ಏಳಲು ಶಕ್ತಿ ಇರುವುದಿಲ್ಲ, ಜೀವವೇ ಹೋಗುತ್ತದೆ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಾಡಿಗೆ ಮನೆಯಲ್ಲಿ ಒಳಗೇ ಇದ್ದರೆ ಮೊದಲು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳಿಗೂ ಇದನ್ನೇ ಕಲಿಸಿ.

ಬೇಸಿಗೆಯಲ್ಲಿ ಕೇಳಬೇಕಾದದ್ದು ನೀರಿನ ವಿಚಾರ. ಊರಿಗೆ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಕೆಲವು ವಾರ್ಡ್‌ಗಳಲ್ಲಿ 2008ರಿಂದಲೇ 24 ಗಂಟೆ ನೀರಿನ ವ್ಯವಸ್ಥೆ ಇದೆ, ಎಲ್ಲ ಕಡೆ ಅಲ್ಲ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪ್ ಎಷ್ಟು ದೊಡ್ಡದು, ಟ್ಯಾಂಕರ್ ಖರ್ಚು ಯಾರದು ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ಕೊನೆಯ ಮಹಡಿ ಬಾಡಿಗೆ ಕಡಿಮೆ ಅಂತ ಹಿಡಿಯಬೇಡಿ. ಏಪ್ರಿಲ್‌ನಲ್ಲಿ ಸ್ಲ್ಯಾಬ್ ಕಾಯುತ್ತದೆ, ಜುಲೈನಲ್ಲಿ ಸೋರುವುದೂ ಅಲ್ಲೇ ಮೊದಲು. ಮಧ್ಯದ ಮಹಡಿ ಸಿಕ್ಕರೆ ಎರಡು ಕಾಟವೂ ತಪ್ಪುತ್ತದೆ.

ಬಿರುಕು ತುಂಬಿಸುವುದು, ವಾಟರ್‌ಪ್ರೂಫಿಂಗ್ ಎಲ್ಲ ಮಾರ್ಚ್, ಏಪ್ರಿಲ್‌ನಲ್ಲೇ ಆಗಬೇಕು. ಗೋಡೆ ಪೂರ್ತಿ ಒಣಗಿದ್ದರೆ ಮಾತ್ರ ಅದು ಹಿಡಿಯುತ್ತದೆ. ಇದೇ ದಿನಗಳಲ್ಲಿ ಟೆರೇಸ್ ಮೇಲೆ ಶಾವಿಗೆ, ಸಂಡಿಗೆ, ಹಪ್ಪಳ ಹರಡುವವರೂ ಇರುತ್ತಾರೆ. ಕೀಲಿ ಯಾರ ಹತ್ತಿರ ಇದೆ ಕೇಳಿ ನೀವೂ ಸೇರಿಕೊಳ್ಳಿ, ಗುರುತು ಆಗುವುದು ಅಲ್ಲೇ. ಮೇ ಕೊನೆಯ ಭಾನುವಾರ ಎಲ್ಲರೂ ಸೇರಿ ಟೆರೇಸಿನ ನೀರು ಹೋಗುವ ಪೈಪುಗಳ ಬಾಯಿಂದ ಎಲೆ, ಕಸ, ಸಿಮೆಂಟಿನ ಚೂರು ತೆಗೆಯಿರಿ. ಪ್ರತಿ ಪೈಪಿಗೂ ಒಂದೊಂದು ಬಕೆಟ್ ನೀರು ಸುರಿದು, ಕೆಳಗೆ ಒಬ್ಬರು ನಿಂತು, ಸರಾಗವಾಗಿ ಬರುತ್ತಿದೆಯಾ ನೋಡಲಿ. ಜೂನ್ 7, 8ರ ಹೊತ್ತಿಗೆ ಮೃಗಶಿರಾ ಮಳೆ ಕೂಡುತ್ತದೆ.